ಚಾಮುಂಡಿ ಬೆಟ್ಟದಲ್ಲಿ ಹೂವಿನ ಕಾಲ: ಯಾವಾಗ ಯಾವ ಮರ? ಮೆಟ್ಟಿಲು ಹತ್ತೋರಿಗೆ ಇಲ್ಲಿದೆ ಮಾಹಿತಿ

ಮೈಸೂರು: ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬರುವ ಹೊತ್ತಿಗೆ ಚಾಮುಂಡಿ ಬೆಟ್ಟ ದೂರದಿಂದ ನೋಡಿದರೆ ಒಣಗಿ ನಿಂತಂತೆ ಕಾಣುತ್ತೆ. ಈಗ ಅಲ್ಲೇನಿದೆ ನೋಡೋಕೆ ಅಂತ ಕೇಳೋರೇ ಜಾಸ್ತಿ. ಆದರೆ ವರ್ಷದಲ್ಲಿ ಬೆಟ್ಟದ ಮರಗಳು ಹೂ ಬಿಡೋದು ಇದೇ ಹೊತ್ತಲ್ಲಿ. ಕಾಡಿಗೆ ಬೆಂಕಿ ಬೀಳೋದೂ ಇದೇ ಹೊತ್ತಲ್ಲಿ.

ಕುರುಚಲು ಕಾಡಿನ ಮರಗಳು ಬೇಸಿಗೆಯಲ್ಲಿ ನೀರು ಉಳಿಸಿಕೊಳ್ಳೋಕೆ ಎಲೆ ಉದುರಿಸುತ್ತವೆ. ಎಲೆ ಇಲ್ಲದ ಕೊಂಬೆಯ ಮೇಲೆ ಹೂ ಅರಳಿದರೆ ಹಕ್ಕಿಗೂ ಜೇನಿಗೂ ದೂರದಿಂದಲೇ ಕಾಣುತ್ತೆ. ಹಾಗಾಗಿ ನಮ್ಮ ಕಡೆ ವಸಂತದಲ್ಲಿ ಹೂ ನೋಡಬೇಕಾದರೆ ತಲೆ ಎತ್ತಬೇಕು. ನೆಲದ ಮೇಲಿನ ಸಣ್ಣ ಹೂಗಳು ಬರೋದು ಮಳೆ ಬಿದ್ದ ಮೇಲೆ.

ಮೊದಲು ಬರೋದು ಮುತ್ತುಗ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಮರಪೂರ್ತಿ ಕೇಸರಿ ಬಣ್ಣ, ಎಲೆ ಒಂದೂ ಇರಲ್ಲ. ಊಟದ ಎಲೆ ಹಚ್ಚೋದು ಇದರದ್ದೇ ಎಲೆಯಿಂದ. ಮೊಗ್ಗು ಗಿಳಿಯ ಕೊಕ್ಕಿನ ಹಾಗೆ ಬಾಗಿರುತ್ತೆ. ಬೆಳಿಗ್ಗೆ ಹೊತ್ತು ಮರದ ಕೆಳಗೆ ಸ್ವಲ್ಪ ನಿಂತರೆ ಸೂರಕ್ಕಿಗಳು ಮಕರಂದಕ್ಕೆ ಬರೋದು ಕಾಣಬಹುದು. ಎಚ್.ಡಿ. ಕೋಟೆ, ಹುಣಸೂರು ರಸ್ತೆ ಬದಿಯ ಹೊಲದ ಅಂಚಲ್ಲೂ ಈ ಮರ ಇದೆ.

ಮಾರ್ಚ್ ಕೊನೆಗೆ ಹೊಂಗೆ, ಬೇವು. ಯುಗಾದಿಗೆ ಬೇವಿನ ಹೂ ಎಲ್ಲರಿಗೂ ಗೊತ್ತು, ಹೊಂಗೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಇಡಲ್ಲ. ಮರದಡಿ ತೆಳು ನೇರಳೆ ಹೂ ಹಾಸಿರುತ್ತೆ, ಜೇನಿನ ಸದ್ದು ಕೇಳುತ್ತೆ. ಮನೆ ಹತ್ತಿರ ಮರ ಇದ್ದರೆ ಉದುರಿದ ಹೂ ಗುಡಿಸಿ ಕುಂಡಕ್ಕೆ ಹಾಕಿ, ಒಳ್ಳೆ ಗೊಬ್ಬರ.

ಏಪ್ರಿಲ್, ಮೇ ಕಕ್ಕೆಯ ಕಾಲ. ದ್ರಾಕ್ಷಿ ಗೊಂಚಲಿನಂತೆ ತೂಗುವ ಹಳದಿ ಹೂ. ಮಲಯಾಳಿಗಳ ವಿಷು ಹಬ್ಬಕ್ಕೆ ಇದು ಬೇಕೇ ಬೇಕು. ಬಂಡೆ ಸಂದಿಯ ಪೊದೆಗಳಲ್ಲಿ ತಂಗಡಿಯ ಹಳದಿ, ಕವಳಿಯ ಬಿಳಿ ಹೂವೂ ಸಿಗುತ್ತೆ. ಕವಳಿ ಹೂ ಸಣ್ಣದು, ಘಮ ಮಲ್ಲಿಗೆಯ ಹತ್ತಿರ. ಮಳೆಗೆ ಮುಂಚೆ ಬೀದಿಯಲ್ಲಿ ಸೇರಲ್ಲಿ ಅಳೆದು ಮಾರುವ ಕಪ್ಪು ಕವಳಿ ಹಣ್ಣು ಆಗೋದು ಈ ಹೂವಿಂದಲೇ.

ಊರೊಳಗೆ ಜನ ಸೆಲ್ಫಿ ತೆಗೆದುಕೊಳ್ಳುವ ಗುಲಾಬಿ ಬಣ್ಣದ ಟಬೂಬಿಯಾ, ಕೆಂಪು ಗುಲ್‌ಮೊಹರ್ ನಮ್ಮ ಕಾಡಿನವಲ್ಲ. ಒಂದು ಅಮೆರಿಕ ಖಂಡದ್ದು, ಇನ್ನೊಂದು ಮಡಗಾಸ್ಕರ್‌ದು. ಚೆಂದ ಇವೆ, ಇರಲಿ. ತೊಂದರೆ ಕೊಡೋದು ಲಂಟಾನ. 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆ ಅಂತ ಭಾರತಕ್ಕೆ ತಂದ ಗಿಡ ಈಗ ಕಾಡಿನ ನೆಲವನ್ನೇ ಮುಚ್ಚಿದೆ. ಅದರ ಅಡಿಯಲ್ಲಿ ಬೇರೆ ಸಸಿ ಏಳೋದು ಕಷ್ಟ.

ಬೆಂಕಿ ಹೇಗೆ ಹತ್ತುತ್ತೆ?

ಇಂಥ ಕಾಡಲ್ಲಿ ಬೆಂಕಿ ತಾನಾಗೇ ಹತ್ತೋದು ತೀರಾ ಅಪರೂಪ. ಬೀಡಿ ತುಂಡು, ರಸ್ತೆ ಬದಿ ಸುಟ್ಟ ಕಸ ಇಷ್ಟೇ ಸಾಕು. ತರಗೆಲೆ, ಒಣಹುಲ್ಲಿಗೆ ತಗುಲಿದ ಕಿಡಿ ಲಂಟಾನ ಪೊದೆಯನ್ನು ಹಿಡಿದು ಮೇಲಕ್ಕೆ ಏರುತ್ತೆ. 2025ರ ಫೆಬ್ರುವರಿಯಲ್ಲೂ ಬೆಟ್ಟಕ್ಕೆ ಬೆಂಕಿ ಬಿದ್ದಿತ್ತು. ದೊಡ್ಡ ಮುತ್ತುಗ ಬೆಂಕಿ ತಡೆದುಕೊಂಡು ಬುಡದಿಂದ ಮತ್ತೆ ಚಿಗುರುತ್ತೆ. ಕವಳಿಯಂಥ ಪೊದೆ ಹೂವಿನ ಸಮೇತ ಸುಟ್ಟುಹೋದರೆ ಆ ವರ್ಷ ಹಣ್ಣಿಲ್ಲ, ಹಕ್ಕಿಗೂ ಇಲ್ಲ, ಮಾರೋರಿಗೂ ಇಲ್ಲ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಯೂ ಅಷ್ಟೇ.

ಅದಕ್ಕೇ ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆ ಬೆಂಕಿ ರೇಖೆ ಮಾಡೋದು. ಅಂದರೆ ಪಟ್ಟಿಯ ಹಾಗೆ ಹುಲ್ಲು, ತರಗೆಲೆ ತೆಗೆದು ನೆಲ ಬರಿದು ಮಾಡೋದು. ಆ ರೇಖೆಯನ್ನು ಕಾಲುದಾರಿ ಅಂದುಕೊಂಡು ಒಳಗೆ ಹೋಗಬೇಡಿ. ಬೆಟ್ಟದಲ್ಲಿ ಚಿರತೆ ಇದೆ.

ಮೆಟ್ಟಿಲ ದಾರಿಯೇ ಸಾಕು. ಸಾವಿರಕ್ಕೂ ಹೆಚ್ಚು ಮೆಟ್ಟಿಲು. ದೊಡ್ಡ ದೇವರಾಜ ಒಡೆಯರ ಕಾಲದ ನಂದಿಯವರೆಗೆ ಹತ್ತಿದರೂ ಎರಡೂ ಬದಿಯ ಮರಗಳು ಕಾಣುತ್ತವೆ. ಬೆಳಿಗ್ಗೆ ಬೇಗ ಹೊರಡಿ, ಒಂಬತ್ತರ ಮೇಲೆ ಕಲ್ಲು ಕಾಯುತ್ತೆ. ನೀರಿನ ಬಾಟಲಿ ತಂದೋರು ಅದನ್ನ ವಾಪಸ್ಸೂ ತನ್ನಿ. ಮೆಟ್ಟಿಲಿಗೆ ಅರಿಶಿನ ಕುಂಕುಮ ಇಟ್ಟು ಕರ್ಪೂರ ಹಚ್ಚೋ ಹರಕೆಯವರು, ಅದು ಪೂರ್ತಿ ಆರೋವರೆಗೆ ನಿಂತು ಮುಂದೆ ಹೋದರೆ ಒಳ್ಳೇದು.

ಹೂ ಕೀಳೋ ಹಾಗಿಲ್ಲ. ಇದು ಮೀಸಲು ಅರಣ್ಯ. ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಹೂ, ಎಲೆ, ಹಣ್ಣು ಕೂಡ ಅರಣ್ಯ ಉತ್ಪನ್ನವೇ. ಅಂಗಡಿ ಅಲಂಕಾರಕ್ಕೆ ಕಕ್ಕೆ ಗೊಂಚಲು ಬೇಕಾದೋರು ಖಾಸಗಿ ಜಮೀನಿನ ಮರದವರನ್ನು ಕೇಳಬೇಕು.

ಹೊಗೆ ಕಂಡರೆ ವಿಡಿಯೊ ಮಾಡೋದಕ್ಕೆ ಮುಂಚೆ ಅರಣ್ಯ ಸಹಾಯವಾಣಿ 1926 ಅಥವಾ 112ಕ್ಕೆ ಫೋನ್ ಮಾಡಿ, ಎಷ್ಟನೇ ಮೆಟ್ಟಿಲ ಹತ್ತಿರ ಅಂತ ಹೇಳಿ. ಹತ್ತೋಕೆ ಆಗದ ಹಿರಿಯರಿಗೆ ನಗರ ಬಸ್ ನಿಲ್ದಾಣದಿಂದ 201 ನಂಬರ್ ಬಸ್ ಇದೆ. ಮೇಲೆ ಹೋಗುವಾಗ ಕಿಟಕಿ ಪಕ್ಕದ ಸೀಟು ಹಿಡಿದರೆ ಅಲ್ಲಿಂದಲೂ ಕಕ್ಕೆ ಕಾಣುತ್ತೆ.