ಕಾಡೂ ಕಪ್ಪೆಯೂ

ಮೊದಲ ಮಳೆ ಬಿದ್ದ ರಾತ್ರಿ ರೇಡಿಯೋದ ಧ್ವನಿಯನ್ನೂ ಮೀರಿಸಿ ಹಿತ್ತಲಿನಿಂದ ‘ವಟವಟ’ ಎಂಬ ಮೇಳ ಕೇಳಿಬಂದರೆ ತಾವು ಬೇಸರಪಟ್ಟು ಕಿಟಕಿ ಮುಚ್ಚುವುದುಂಟು. ಈ ಸಲ ಸ್ವಲ್ಪ ತಾಳಿ. ಆ ಮೇಳಕ್ಕೂ ಒಂದು ಚರಿತ್ರೆ ಉಂಟು.

ನಾನಿರುವ ಕಡಗಂಚಿ ಆಳಂದ ತಾಲ್ಲೂಕಿನ ಬಯಲುಸೀಮೆ. ತೊಗರಿ, ಜೋಳಗಳ ನಾಡು. ಬೇಸಿಗೆಯಲ್ಲಿ ಎರೆನೆಲ ಬಿರಿದು ಬಾಯಿಬಿಟ್ಟಾಗ ಇಲ್ಲಿ ಕಪ್ಪೆಯೆಂಬ ಪ್ರಾಣಿ ಇದೆಯೆಂದರೆ ನಂಬುವವರಾರು? ಮಳೆ ಬಂದೊಡನೆ ಹೊಂಡದ ತುಂಬ ಕಪ್ಪೆ! ‘ಎಲ್ಲಿಂದ ಬಂದವು ಗುರುಗಳೇ?’ ಎಂದು ಮಕ್ಕಳು ಕೇಳುತ್ತಾರೆ. ಆಕಾಶದಿಂದ ಉದುರಿದವಲ್ಲ, ಹಿಂಗಾಲಿನಿಂದ ಮಣ್ಣು ತೋಡಿ, ತಂಪಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಎದ್ದು ಬಂದವು. ಅಮರಕೋಶವು ಕಪ್ಪೆಗೆ ಹೇಳುವ ಹೆಸರುಗಳಲ್ಲಿ ‘ವರ್ಷಾಭೂ’ ಎಂಬುದೂ ಒಂದು. ಮಳೆಯಲ್ಲಿ ಹುಟ್ಟುವಂಥದು ಎಂದರ್ಥ. ಋಗ್ವೇದದ ಏಳನೆಯ ಮಂಡಲದಲ್ಲಿ ಮಂಡೂಕಗಳಿಗೆಂದೇ ಒಂದು ಸೂಕ್ತ ಮೀಸಲಾಗಿದೆ.

ಆದರೆ ಎಲ್ಲ ಕಪ್ಪೆಗಳೂ ಹೀಗೆ ಮಣ್ಣಿನಲ್ಲಿ ಅಡಗಿ ಕಾಯಬಲ್ಲವುಗಳಲ್ಲ. ಕಪ್ಪೆ ತೊಗಲಿನಿಂದಲೂ ಉಸಿರಾಡುತ್ತದೆ. ತೊಗಲು ಒಣಗಿದರೆ ಉಸಿರು ನಿಂತಂತೆ. ಅದರ ಮೊಟ್ಟೆಗೆ ಕೋಳಿಮೊಟ್ಟೆಯ ಹಾಗೆ ಗಟ್ಟಿ ಚಿಪ್ಪಿಲ್ಲ. ಆದಕಾರಣ ತೇವವೇ ಅದರ ಜೀವ. ಬಯಲಿನಲ್ಲಿ ಆ ತೇವವನ್ನು ಕಾಪಾಡುವುದು ನೆಲ. ಮಲೆನಾಡಿನಲ್ಲಿ ಕಾಪಾಡುವುದು ಮರ. ಮಲೆನಾಡಿನ ಪೊದೆಗಪ್ಪೆಗಳಲ್ಲಿ ಹಲವು ನೀರಿಗೇ ಇಳಿಯುವುದಿಲ್ಲ. ಎಲೆಯ ಮೇಲೋ ತರಗೆಲೆಯ ಅಡಿಯಲ್ಲೋ ಮೊಟ್ಟೆಯಿಡುತ್ತವೆ. ಗೊದಮೊಟ್ಟೆಯ ಅವಸ್ಥೆಯನ್ನು ಮೊಟ್ಟೆಯೊಳಗೇ ಕಳೆದು ಪುಟ್ಟ ಕಪ್ಪೆಗಳಾಗಿಯೇ ಹೊರಬರುತ್ತವೆ. ಅವಕ್ಕೆ ಕಾಡೇ ಕೆರೆ. ಕಾಡು ಕಡಿದರೆ ಕೆರೆ ಒಡೆದಂತೆಯೇ.

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂಬ ಸ್ಥಳವಿದೆ. ಹೆಸರೇ ಅದರ ವರ್ಣನೆ. ಅಲ್ಲಿ ರಾಮಪತ್ರೆ ಜಾತಿಯ ಮರಗಳು ಜೌಗಿನಲ್ಲಿ ಬೇರುಗಳನ್ನು ಮೇಲಕ್ಕೆತ್ತಿ ನಿಂತಿರುತ್ತವೆ. ಇಂಥ ತಾಣಕ್ಕೆ ಜಡ್ಡಿಯೆಂದು ಹೆಸರು. 2014ರಲ್ಲಿ ಕೆ. ವಿ. ಗುರುರಾಜ ಮತ್ತು ಸಂಗಡಿಗರು ಇಲ್ಲಿಯ ಒಂದು ಇರುಳುಗಪ್ಪೆಯನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿ ‘ಕುಂಬಾರ’ ಎಂಬ ಕನ್ನಡದ ಹೆಸರನ್ನೇ ಇಟ್ಟರು. ಏಕೆಂದರೆ ಇದರ ಗಂಡು, ಮೊಟ್ಟೆಗಳಿಗೆ ಮುಂಗೈಯಿಂದ ಕೆಸರು ಮೆತ್ತುತ್ತದೆ! ಇಂಥ ಜಡ್ಡಿಗಳೆಷ್ಟೋ ಅಡಕೆಯ ತೋಟಗಳಾದವು, ಗದ್ದೆಗಳಾದವು. ಇಪ್ಪತ್ತನೆಯ ಶತಮಾನದಲ್ಲಿ ಪ್ಲೈವುಡ್ಡಿಗೂ ರೈಲುಹಳಿಯ ಅಡಿಮರಕ್ಕೂ ಮಲೆನಾಡಿನ ಮರಗಳು ಉರುಳಿದವು. 1980ರ ದಶಕದಿಂದೀಚೆಗೆ ಬೋಳುಗುಡ್ಡಗಳ ಮೇಲೆ ಆಸ್ಟ್ರೇಲಿಯ ಕಡೆಯ ಅಕೇಶಿಯಾ ಹಬ್ಬಿತು. ದೂರದಿಂದ ನೋಡಿದರೆ ಅದೂ ಹಸುರೇ. ಆದರೆ ಕಪ್ಪೆಗೆ ಹಸುರು ಸಾಲದು, ಹಸಿ ಬೇಕು.

ಇದನ್ನು ಅರಿಯಲು ನಮಗೆ ಮೊದಲು ದಾರಿ ತೋರಿದವರಲ್ಲಿ ಸಿ. ಆರ್. ನಾರಾಯಣ ರಾವ್ ಪ್ರಮುಖರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. 1937ರಲ್ಲಿ ದಕ್ಷಿಣ ಭಾರತದ ಅನೇಕ ಹೊಸ ಕಪ್ಪೆಗಳನ್ನು ಅವರು ವಿವರಿಸಿದರು. ಚಿಕ್ಕಮಗಳೂರಿನ ಕೊಟ್ಟಿಗೆಹಾರದ ಹೆಸರು ಹೊತ್ತ ಕುಣಿಯುವ ಕಪ್ಪೆ ಅವುಗಳಲ್ಲೊಂದು. ಹೊಳೆಯ ಸದ್ದಿನ ನಡುವೆ ಕೂಗಷ್ಟೇ ಸಾಲದೆಂಬಂತೆ ಅದು ಹಿಂಗಾಲು ಚಾಚಿ ಬೀಸುತ್ತದೆ. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ‘ರಾವೊರ್ಕೆಸ್ಟಿಸ್’ ಎಂದು ಇವರ ಹೆಸರನ್ನೇ ಇಡಲಾಯಿತು.

ದುಃಖದ ಸಂಗತಿಯೆಂದರೆ, ಅವರು ಕೂಡಿಟ್ಟಿದ್ದ ಮೂಲ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದವು. ಕನ್ನಡ ಪಂಡಿತನಾದ ನನಗೆ ಇದನ್ನು ಓದಿದಾಗ ನೆನಪಾದುದು ನಮ್ಮ ಮಳಖೇಡದ ಆಸ್ಥಾನದ ‘ಕವಿರಾಜಮಾರ್ಗ’. ವಿಮಲೋದಯ, ನಾಗಾರ್ಜುನ ಮೊದಲಾದ ಗದ್ಯಕಾರರ ಹೆಸರುಗಳು ಅದರಲ್ಲಿವೆ. ಅವರ ಕೃತಿಗಳು ನಮಗಿಲ್ಲ. ಆದರೆ ಕಪ್ಪೆಯ ವಿಷಯದಲ್ಲಿ ಒಂದು ಸಮಾಧಾನವುಂಟು. ಓಲೆಗರಿ ಸುಟ್ಟರೆ ಹೋಯಿತು. ಕಪ್ಪೆಯ ಮಾದರಿ ಕಳೆದರೂ ಅದು ಸಿಕ್ಕ ಕಾಡು ಉಳಿದಿದ್ದರೆ ಮತ್ತೆ ಹೋಗಿ ಹುಡುಕಬಹುದು. ನಾರಾಯಣ ರಾಯರು 1920ರಲ್ಲಿ ಕೊಡಗಿನ ಒಂದು ಇರುಳುಗಪ್ಪೆಯನ್ನು ವಿವರಿಸಿ, ‘ಪವಿತ್ರ ಜೌಗಿನದು’ ಎಂಬರ್ಥದ ಲ್ಯಾಟಿನ್ ಹೆಸರಿಟ್ಟಿದ್ದರು. ಅದು ಮತ್ತೆ ಸಿಕ್ಕಿತೆಂದು ಎಸ್. ಡಿ. ಬಿಜು ಮತ್ತು ಸಂಗಡಿಗರು ಪ್ರಕಟಿಸಿದ್ದು 2011ರಲ್ಲಿ, ಎಂದರೆ 91 ವರ್ಷಗಳ ಮೇಲೆ. ಜೌಗು ಉಳಿದಿತ್ತು, ಆದ್ದರಿಂದ ಕಪ್ಪೆ ಉಳಿದಿತ್ತು. ಕಾಡೂ ಹೋಗಿದ್ದರೆ ಆ ಹೆಸರು ಪುಸ್ತಕದಲ್ಲಿ ಅನಾಥವಾಗಿ ಉಳಿಯುತ್ತಿತ್ತು.

ತಕ್ಕಡಿಯಲ್ಲಿ ಕಪ್ಪೆ ತೂಗಲಾಗದೆಂದು ಗಾದೆ. ಆದರೂ ಪ್ರಪಂಚದ ವಿದ್ವಾಂಸರು ತೂಗಿ ನೋಡಿದ್ದಾರೆ. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯಂತೆ ಉಭಯಚರಗಳಲ್ಲಿ ನೂರಕ್ಕೆ ಸುಮಾರು 41 ಜಾತಿಗಳು ಅಳಿವಿನ ಭಯದಲ್ಲಿವೆ. ರೋಗ, ಹವೆಯ ಬದಲಾವಣೆಗಳ ಜೊತೆಗೆ ನೆಲೆ ಕಳೆದುಕೊಂಡದ್ದೂ ದೊಡ್ಡ ಕಾರಣ.

‘ಅದು ಮಲೆನಾಡಿನ ಮಾತು, ನಮಗೇನು?’ ಎನ್ನಬೇಡಿ. ನಮ್ಮ ಜಿಲ್ಲೆಯಲ್ಲಿ ಕಾಡೆಂದು ಹೇಳಿಕೊಳ್ಳಲು ಮುಖ್ಯವಾಗಿ ಚಿಂಚೋಳಿ ಇದೆ. ಅದು 2011ರಲ್ಲಿ ವನ್ಯಜೀವಿಧಾಮವಾಯಿತು. ಉಳಿದಂತೆ ನಮ್ಮ ಕಪ್ಪೆಗೆ ಕಾಡೆಂದರೆ ಹೊಲದ ಬದು, ಹಳ್ಳದ ದಂಡೆಯ ಜಾಲಿ, ಊರ ಗಾಯರಾಣ, ನೀರು ನಿಲ್ಲುವ ತಗ್ಗು. ಬದು ಸವರಿ, ತಗ್ಗು ತುಂಬಿ, ನೆಲವನ್ನೆಲ್ಲ ಒಂದೇ ಸಮ ಮಾಡಿದಾಗ ನಾವು ಮರ ಕಡಿದೆವೆಂದು ಯಾರೂ ಅನ್ನುವುದಿಲ್ಲ. ಕಪ್ಪೆಯ ಪಾಲಿಗೆ ಮಾತ್ರ ಅದೂ ಕಾಡು ಕಡಿದಂತೆಯೇ. ಬೆಳೆಯ ಹುಳು ತಿನ್ನುವ ಈ ಕೂಲಿಯಿಲ್ಲದ ಆಳು ಹೋದ ಮೇಲೆ ನಾವು ಔಷಧಿಯ ಡಬ್ಬಿಗೆ ಹಣ ತೆರುತ್ತೇವೆ.

ಬಾವಿಯಾಚೆಗೆ ಲೋಕವಿಲ್ಲವೆನ್ನುವವನನ್ನು ನಾವು ಕೂಪಮಂಡೂಕವೆಂದು ಹಳಿಯುತ್ತೇವೆ. ಮಂಡೂಕವೇ ಇಲ್ಲದ ಕೂಪ ಇನ್ನೂ ಕೆಟ್ಟದ್ದು. ಮುಂದಿನ ಮುಂಗಾರಿನ ಮೊದಲ ರಾತ್ರಿ ರೇಡಿಯೋವನ್ನು ಐದು ನಿಮಿಷ ನಿಲ್ಲಿಸಿ ಮಕ್ಕಳೊಡನೆ ಹಿತ್ತಲಿಗೆ ಕಿವಿಗೊಡಿ. ಎಷ್ಟು ಬಗೆಯ ದನಿ ಕೇಳಿತೆಂದು ಬರೆದಿಡಿ, ಮರುವರ್ಷವೂ ಬರೆಯಿರಿ. ದನಿ ಕಡಿಮೆಯಾಗಿದ್ದರೆ, ಊರ ತಗ್ಗಿಗೂ ಬದುವಿಗೂ ಏನಾಯಿತೆಂದು ಹೋಗಿ ನೋಡಿ.