ಗದ್ದೆಯಲ್ಲಿ ಹುಳು ಕಂಡ ಕೂಡಲೇ ಔಷಧಿ ಹೊಡೆಯಬೇಕೇ?

"ಗದ್ದೆಯಲ್ಲಿ ಒಂದು ಹುಳು ಕಂಡರೂ ಬಿಡಬೇಡಿ, ಕೂಡಲೇ ಔಷಧಿ ಹೊಡೆಯಿರಿ" ಎಂಬ ಧಾಟಿಯ ಸಂದೇಶಗಳು ರೈತರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಓದಿದರೆ ಸರಿ ಎನ್ನಿಸುತ್ತದೆ. ಆದರೆ ಭತ್ತದ ಕಂದು ಜಿಗಿಹುಳುವಿನ ವಿಷಯದಲ್ಲಿ ಈ ಸಲಹೆ ನಂಬಿದರೆ ಔಷಧಿಯ ದುಡ್ಡೂ ಹೋಗುತ್ತದೆ, ಬೆಳೆಯೂ ಹೋಗಬಹುದು. ಏಕೆಂದು ನೋಡೋಣ.

ಗದ್ದೆಯ ಹುಳುಗಳೆಲ್ಲ ಶತ್ರುಗಳೇ?

ಅಲ್ಲ. ಪೈರಿನ ಬುಡದಲ್ಲಿ ಓಡಾಡುವ ಜೇಡ, ಗುಲಗಂಜಿ ಹುಳು, ಏರೋಪ್ಲೇನ್ ಚಿಟ್ಟೆ, ಕೀಟಗಳ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುವ ಪುಟ್ಟ ಕಣಜ ಇವೆಲ್ಲ ನಮ್ಮ ಕಡೆಯವು. ಗದ್ದೆಯ ಒಂದು ತೋಳಜೇಡ ದಿನಕ್ಕೆ 5ರಿಂದ 15 ಕೀಟಗಳನ್ನು ತಿನ್ನಬಲ್ಲದು.

ಔಷಧಿ ಹೊಡೆದ ಮೇಲೆ ಜಿಗಿಹುಳು ಹೆಚ್ಚುವುದೇಕೆ?

ಜಿಗಿಹುಳು ಮೊಟ್ಟೆ ಇಡುವುದು ಕಾಂಡವನ್ನು ಸುತ್ತಿದ ಎಲೆಯ ಪೊರೆಯೊಳಗೆ. ಮೇಲಿಂದ ಹೊಡೆದ ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಹೊರಗಿರುವ ಜಿಗಿಹುಳುಗಳ ಜೊತೆ ಜೇಡ, ಕಣಜಗಳೂ ಸಾಯುತ್ತವೆ. ಸುಮಾರು ಒಂದು ವಾರದಲ್ಲಿ ಮೊಟ್ಟೆಗಳು ಒಡೆದು ಮರಿಗಳು ಬಂದಾಗ ಅವನ್ನು ತಿನ್ನುವವರೇ ಗದ್ದೆಯಲ್ಲಿ ಇರುವುದಿಲ್ಲ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಜೇಡಗಳ ಸಂಖ್ಯೆ ಅಷ್ಟು ಬೇಗ ಬೆಳೆಯುವುದಿಲ್ಲ. ಕೊನೆಗೆ ಗದ್ದೆ ಅಲ್ಲಲ್ಲಿ ಬೆಂಕಿ ತಗುಲಿದಂತೆ ವೃತ್ತಾಕಾರವಾಗಿ ಒಣಗುತ್ತದೆ. ಕೆಲವು ಪೈರೆಥ್ರಾಯ್ಡ್ ಔಷಧಿಗಳಿಂದ ಜಿಗಿಹುಳು ಹೀಗೆ ಮರುಕಳಿಸುವುದು ಹಲವು ಬಾರಿ ದಾಖಲಾಗಿದೆ.

ಇದಕ್ಕೆ ಪುರಾವೆ ಏನು?

ಇಂಡೋನೇಷ್ಯಾದಲ್ಲಿ ಸರ್ಕಾರವೇ ಕೀಟನಾಶಕಕ್ಕೆ ದೊಡ್ಡ ಸಬ್ಸಿಡಿ ಕೊಡುತ್ತಿತ್ತು. ಆದರೂ 1980ರ ದಶಕದ ಮಧ್ಯದಲ್ಲಿ ಜಾವಾ ದ್ವೀಪದ ಭತ್ತಕ್ಕೆ ಜಿಗಿಹುಳು ಮುತ್ತಿತು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು, 1989ರ ಹೊತ್ತಿಗೆ ಸಬ್ಸಿಡಿಯನ್ನೂ ನಿಲ್ಲಿಸಿತು. ರೈತರಿಗೆ ಗದ್ದೆಯಲ್ಲೇ ಹುಳು ಗುರುತಿಸುವ ಪಾಠ ನಡೆಯಿತು. ಔಷಧಿ ಬಳಕೆ ಇಳಿಯಿತು, ಭತ್ತದ ಉತ್ಪಾದನೆ ಕುಸಿಯಲಿಲ್ಲ.

ಥಾಯ್ಲೆಂಡ್, ಚೀನಾ, ವಿಯೆಟ್ನಾಂಗಳಲ್ಲಿ ಬದುಗಳ ಮೇಲೆ ಎಳ್ಳಿನಂಥ ಹೂ ಬಿಡುವ ಗಿಡ ಬೆಳೆಸಿ ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಹೂವಿನ ಮಕರಂದ ಕಣಜಗಳಿಗೆ ಆಹಾರ. ಅಂಥ ಗದ್ದೆಗಳಲ್ಲಿ ಕೀಟನಾಶಕ ಸಿಂಪಡಣೆ ಶೇ. 70ರಷ್ಟು ಕಡಿಮೆಯಾಯಿತು, ಇಳುವರಿ ಶೇ. 5ರಷ್ಟು ಹೆಚ್ಚಿತು.

ಹಾಗಾದರೆ ಏನು ಮಾಡಬೇಕು?

• ವಾರಕ್ಕೊಮ್ಮೆ ಗದ್ದೆಗಿಳಿದು ಪೈರಿನ ಬುಡ ಬಿಡಿಸಿ ನೋಡಿ. ಜಿಗಿಹುಳು ಇರುವುದು ಅಲ್ಲೇ. ಜೊತೆಗೆ ಜೇಡಗಳನ್ನೂ ಎಣಿಸಿ.
• ಯೂರಿಯಾ ಅತಿಯಾಗಿ ಹಾಕಬೇಡಿ. ಸೊಕ್ಕಿ ಬೆಳೆದ ಪೈರಿನಲ್ಲಿ ಜಿಗಿಹುಳು ಬೇಗ ಹೆಚ್ಚುತ್ತದೆ.
• ನಾಟಿ ಮಾಡುವಾಗ ಪ್ರತಿ 2 ಮೀಟರ್‌ಗೆ ಒಂದು ಅಡಿ ಜಾಗ ಬಿಡಿ. ಬುಡಕ್ಕೆ ಗಾಳಿ, ಬೆಳಕು ಸಿಗುತ್ತದೆ.
• ಹುಳು ಹೆಚ್ಚುತ್ತಿದ್ದರೆ ಕೆಲವು ದಿನ ನೀರು ಬಸಿದು ಬಿಡಿ.
• ಬದುವಿನ ಮೇಲೆ ಎಳ್ಳು ಅಥವಾ ಅಲಸಂದೆ ಹಾಕಿ.

ಔಷಧಿ ಬೇಡವೇ ಬೇಡವೇ?

ಹಾಗೆ ಹೇಳುವ ಸಂದೇಶವನ್ನೂ ನಂಬಬೇಡಿ. ಹುಳುವಿನ ಸಂಖ್ಯೆ ಮಿತಿ ಮೀರಿದರೆ ಔಷಧಿ ಬೇಕಾಗುತ್ತದೆ. ಎಷ್ಟು ಹುಳು ಇದ್ದರೆ ಮಿತಿ ಮೀರಿದಂತೆ, ಯಾವ ಔಷಧಿ, ಎಷ್ಟು ಪ್ರಮಾಣ ಎಂಬುದನ್ನು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ. ಹೊಡೆಯುವಾಗ ಪೈರಿನ ಬುಡಕ್ಕೆ ತಾಗುವಂತೆ ಹೊಡೆಯಿರಿ.

ನಮ್ಮ ತೀರ್ಮಾನ

"ಹುಳು ಕಂಡರೆ ಔಷಧಿ ಹೊಡೆಯಿರಿ" ಎಂಬ ಸಲಹೆ ತಪ್ಪು. ಯಾವ ಹುಳು, ಎಷ್ಟಿದೆ ಎಂದು ಮೊದಲು ನೋಡಬೇಕು. ಮುಂದಿನ ಸಲ ಅಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಗದ್ದೆಗೆ ಹೋಗಿ ನಾಲ್ಕು ಬುಡ ಬಿಡಿಸಿ ನೋಡಿ.