ರಿಸರ್ವ್ ಬ್ಯಾಂಕೂ ಕಾಗದದ ರೂಪಾಯಿಯೂ

ಕಾಗದದ ಚೂರೊಂದಕ್ಕೆ ರೂಪಾಯಿಯ ಬೆಲೆ ಬರುವುದು, ಅದರ ಹಿಂದೆ ನಿಂತವರ ಮಾತಿನಲ್ಲಿ ಜನರಿಗಿರುವ ನಂಬಿಕೆಯಿಂದ. ಭಾರತದಲ್ಲಿ ಆ ಮಾತನ್ನು ಕೊಡತಕ್ಕವರು ಯಾರೆಂಬುದು ನಿಶ್ಚಯವಾಗಲು ಬಹುಕಾಲ ಹಿಡಿಯಿತು. ಮೊದಲು ಕಲ್ಕತ್ತೆ, ಮುಂಬಯಿ, ಮದರಾಸುಗಳ ಪ್ರೆಸಿಡೆನ್ಸಿ ಬ್ಯಾಂಕುಗಳು ತಂತಮ್ಮ ನೋಟುಗಳನ್ನು ಹೊರಡಿಸುತ್ತಿದ್ದುವು. ೧೮೬೧ರ ಕಾಯಿದೆಯು ಆ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ೧೯೨೧ರಲ್ಲಿ ಆ ಮೂರೂ ಕೂಡಿ ಇಂಪೀರಿಯಲ್ ಬ್ಯಾಂಕಾದುವು. ನೋಟು ಮಾತ್ರ ಸರಕಾರದಲ್ಲಿಯೇ ಉಳಿಯಿತು. ನಾಣ್ಯದ ಹತೋಟಿ ಒಂದು ಕಡೆ, ಸಾಲದ ಹತೋಟಿ ಮತ್ತೊಂದು ಕಡೆ. ಹಿಲ್ಟನ್ ಯಂಗರ ಆಯೋಗವು ೧೯೨೬ರಲ್ಲಿ ಈ ದೋಷವನ್ನು ಎತ್ತಿ ತೋರಿಸಿ, ಎರಡನ್ನೂ ಒಂದೇ ಸಂಸ್ಥೆಗೆ ಒಪ್ಪಿಸಬೇಕೆಂದು ಸಲಹೆ ಮಾಡಿತು.

೧೯೨೭ರಲ್ಲಿ ಮಸೂದೆ ಬಂದಿತು. ಅದರೊಡನೆ ಕಲಹವೂ ಬಂದಿತು. ಬ್ಯಾಂಕು ಪಾಲುದಾರರದಾಗಬೇಕೆ, ರಾಜ್ಯದ್ದಾಗಬೇಕೆ? ಪಾಲುದಾರರದಾದರೆ ವಿದೇಶೀ ಬಂಡವಾಳಗಾರರ ಕೈ ಮೇಲಾದೀತೆಂದು ಶಾಸನಸಭೆಯ ಹಲವರಿಗೆ ಭಯ. ರಾಜ್ಯದ್ದಾದರೆ ರಾಜಕಾರಣ ಹೊಕ್ಕೀತೆಂದು ಸರಕಾರದ ವಾದ. ಪರರ ಆಳ್ವಿಕೆಯಲ್ಲಿ ರಾಜಕಾರಣವಿಲ್ಲದ ಬ್ಯಾಂಕೆಂಬ ಮಾತಿಗೆ ಎಷ್ಟರ ಅರ್ಥವಿದ್ದೀತು! ಮಸೂದೆ ಮುಂದುವರಿಯಲಿಲ್ಲ. ೧೯೩೪ರ ಕಾಯಿದೆಯಲ್ಲಿ ಪಾಲುದಾರರ ಪಕ್ಷವೇ ಗೆದ್ದು, ೧೯೩೫ರ ಎಪ್ರಿಲ್ ೧ರಂದು ೫ ಕೋಟಿ ರೂಪಾಯಿಗಳ ಮೂಲಧನದಿಂದ ಬ್ಯಾಂಕು ಆರಂಭವಾಯಿತು.

ಆ ಕಾಯಿದೆಯ ಒಂದು ನಿಯಮವನ್ನು ವಾಚಕರು ವಿಶೇಷವಾಗಿ ಗಮನಿಸತಕ್ಕದ್ದು. ನೋಟುಗಳಿಗೆ ಆಧಾರವಾದ ಆಸ್ತಿಯಲ್ಲಿ ನೂರಕ್ಕೆ ೪೦ರಷ್ಟಾದರೂ ಚಿನ್ನ ಇಲ್ಲವೆ ಸ್ಟರ್ಲಿಂಗ್ ಪತ್ರಗಳಿರಬೇಕಾಗಿತ್ತು. ಚಿನ್ನವು ೪೦ ಕೋಟಿ ರೂಪಾಯಿಗಳ ಬೆಲೆಗೆ ಕಡಿಮೆಯಾಗಕೂಡದಾಗಿತ್ತು. ಅತಿಯಾಗಿ ನೋಟು ಅಚ್ಚಾಗದಂತೆ ಕಟ್ಟಿದ ಕಟ್ಟೆಯಿದು. ಆದರೆ ಎರಡನೆಯ ಮಹಾಯುದ್ಧದಲ್ಲಿ ಈ ಕಟ್ಟೆಯೇ ತೂಬಾಯಿತು. ಬ್ರಿಟನ್ನು ಯುದ್ಧಕ್ಕಾಗಿ ಭಾರತದಲ್ಲಿ ಸಾಮಾನು ಕೊಂಡು, ಅದರ ಬೆಲೆಯನ್ನು ಲಂಡನ್ನಿನಲ್ಲಿ ಸ್ಟರ್ಲಿಂಗಿನ ರೂಪದಲ್ಲಿ ಜಮೆಮಾಡುತ್ತಿತ್ತು. ಆ ಪತ್ರಗಳ ಆಧಾರದ ಮೇಲೆ ಬ್ಯಾಂಕು ಇಲ್ಲಿ ರೂಪಾಯಿಯ ನೋಟುಗಳನ್ನು ಹೊರಡಿಸಿತು. ಕಾಯಿದೆಗೆ ಕಿಂಚಿತ್ತೂ ಭಂಗವಿಲ್ಲ. ಸಾಮಾನು ಹೋಯಿತು, ಕಾಗದ ಬಂದಿತು. ಯುದ್ಧ ಮುಗಿಯುವ ಹೊತ್ತಿಗೆ ಚಲಾವಣೆಯ ನೋಟುಗಳು ಐದು ಪಟ್ಟಿಗೂ ಮಿಕ್ಕಿದ್ದುವು. ೧೯೪೩ರ ವಂಗದೇಶದ ಕ್ಷಾಮಕ್ಕೆ ಕಾರಣಗಳು ಅನೇಕ. ಕೂಲಿಯವನ ಕೈಗೆಟುಕದಷ್ಟು ಏರಿದ ಅಕ್ಕಿಯ ಬೆಲೆ ಅವುಗಳಲ್ಲೊಂದು. ಚಿಂತಾಮಣ ದೇಶಮುಖರು ಭಾರತೀಯರಲ್ಲಿ ಮೊದಲನೆಯ ಗವರ್ನರಾದುದು ಆ ವರ್ಷದಲ್ಲಿಯೇ. ಲಂಡನ್ನಿನಲ್ಲಿ ರಾಶಿಬಿದ್ದ ಪೌಂಡುಗಳನ್ನು ಬಿಡಿಸಿಕೊಳ್ಳುವ ಮಾತುಕತೆ ಯುದ್ಧಾನಂತರವೂ ವರ್ಷಗಟ್ಟಲೆ ನಡೆಯಿತು.

ಸ್ವಾತಂತ್ರ್ಯದ ತರುವಾಯ, ೧೯೪೯ರ ಜನವರಿ ೧ರಂದು, ಪಾಲುಗಳೆಲ್ಲ ಸರಕಾರಕ್ಕೆ ಸೇರಿ, ೧೯೨೭ರ ವಾದ ಒಂದು ಬಗೆಯಲ್ಲಿ ತೀರಿತು. ಆದರೆ ಒಡೆತನ ತೀರ್ಮಾನವಾದ ಮಾತ್ರಕ್ಕೆ ಹತೋಟಿಯ ಪ್ರಶ್ನೆ ತೀರಲಿಲ್ಲ. ಆ ವರ್ಷದ ಜುಲೈಯಲ್ಲಿ ಗವರ್ನರ ಪದವಿಗೆ ಬಂದವರು ಮಂಗಳೂರಿನ ಕಡೆಯ ಬೆನೆಗಲ್ ಮನೆತನದ ರಾಮರಾಯರು. ೧೯೫೬ರಲ್ಲಿ ಅರ್ಥಸಚಿವ ಟಿ. ಟಿ. ಕೃಷ್ಣಮಾಚಾರಿಯವರು ಹುಂಡಿಗಳ ಮುದ್ರಾಶುಲ್ಕವನ್ನು ಏರಿಸಿದರು. ಅದು ಹೆಸರಿಗೆ ಕಂದಾಯವಾದರೂ ಫಲದಲ್ಲಿ ಬ್ಯಾಂಕಿನ ಬಡ್ಡಿಯ ದರವನ್ನೇ ಏರಿಸುವಂತಹುದು. ಆ ದರವನ್ನು ಗೊತ್ತುಮಾಡುವುದು ಬ್ಯಾಂಕಿನ ಅಧಿಕಾರವೆಂದು ರಾಮರಾಯರು ಆಕ್ಷೇಪಿಸಿದರು. ಪ್ರಧಾನಿ ನೆಹರೂರವರು ಸಚಿವರ ಪಕ್ಷವನ್ನೇ ಹಿಡಿದರು. ೧೯೫೭ರ ಜನವರಿಯಲ್ಲಿ ರಾಮರಾಯರು ಪದವಿಯನ್ನು ಬಿಟ್ಟು ಹೊರಟರು.